ಮತಪತ್ರದಲ್ಲೇ ಕಾನೂನು: ‘ಹೌದು’ ಎನ್ನುವ ಮುನ್ನ ಅರಿಯಬೇಕಾದುದು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮತದಾರರು 2024ರ ನವೆಂಬರ್ 5ರಂದು ಆರಿಸಬೇಕಾಗಿದ್ದುದು ಅಧ್ಯಕ್ಷರನ್ನು ಮತ್ತು ಜನಪ್ರತಿನಿಧಿಗಳನ್ನು ಮಾತ್ರವಲ್ಲ. ಅದೇ ಮತಪತ್ರದಲ್ಲಿ ಹತ್ತು ಕಾನೂನು ಪ್ರಸ್ತಾವಗಳೂ ಅವರ ತೀರ್ಪಿಗಾಗಿ ಕಾದಿದ್ದವು. ಶಾಲಾ ಕಟ್ಟಡಗಳಿಗಾಗಿ ರಾಜ್ಯ 1,000 ಕೋಟಿ ಡಾಲರ್ ಸಾಲ ಎತ್ತಬೇಕೆ? ಕನಿಷ್ಠ ವೇತನ ಗಂಟೆಗೆ 18 ಡಾಲರ್ ಆಗಬೇಕೆ? ಮನೆ ಬಾಡಿಗೆಯನ್ನು ನಿಯಂತ್ರಿಸಲು ಸ್ಥಳೀಯ ಆಡಳಿತಗಳಿಗೆ ಹೆಚ್ಚಿನ ಅಧಿಕಾರ ಬೇಕೆ? ಕೆಲವು ಬಗೆಯ ಕಳ್ಳತನಕ್ಕೆ ಶಿಕ್ಷೆ ಇನ್ನಷ್ಟು ಕಠಿಣವಾಗಬೇಕೆ? ಪ್ರಶ್ನೆಗಳು ಎಷ್ಟೇ ಜಟಿಲವಾಗಿದ್ದರೂ ಉತ್ತರಕ್ಕೆ ಇದ್ದ ಆಯ್ಕೆಗಳು ಎರಡೇ: ‘ಹೌದು’ ಅಥವಾ ‘ಇಲ್ಲ’.

ಶಾಸನಸಭೆಯಲ್ಲಿ ವಿಧೇಯಕವೊಂದು ಸಮಿತಿ, ಚರ್ಚೆ, ತಿದ್ದುಪಡಿಗಳ ಹಾದಿ ಸವೆಸಿ ಕಾನೂನಾಗುತ್ತದೆ. ಮತಪತ್ರದ ಪ್ರಸ್ತಾವಕ್ಕೆ ತಿದ್ದುಪಡಿ ಸೂಚಿಸುವ ಅವಕಾಶ ಮತದಾರನಿಗಿಲ್ಲ. ಇದ್ದುದನ್ನು ಇದ್ದಂತೆಯೇ ಒಪ್ಪಬೇಕು ಇಲ್ಲವೇ ತಳ್ಳಿಹಾಕಬೇಕು. ಒಮ್ಮೆ ಒಪ್ಪಿದ ಮೇಲೆ ಅದನ್ನು ಬದಲಿಸುವುದು ಸುಲಭವಲ್ಲ. ಸ್ಯಾನ್ ಹೋಸೆ, ಫ್ರೀಮಾಂಟ್, ಸನಿವೇಲ್ ಮುಂತಾದ ಊರುಗಳಲ್ಲಿ ನೆಲೆಸಿ ಅಮೆರಿಕದ ಪೌರತ್ವ ಪಡೆದಿರುವ ಕನ್ನಡಿಗರೂ ಪ್ರತಿ ಚುನಾವಣೆಯಲ್ಲಿ ಈ ಇಕ್ಕಟ್ಟನ್ನು ಎದುರಿಸುತ್ತಾರೆ. ನೇರ ಜನಮತದ ಅನುಭವವೇ ಇಲ್ಲದ ದೇಶದಿಂದ ಹೋದವರಿಗೆ ಈ ವ್ಯವಸ್ಥೆ ಹೊಸತು.

ರೈಲ್ವೆ ಕಂಪನಿಯ ಹಿಡಿತದಿಂದ ಹುಟ್ಟಿದ ಹಕ್ಕು

ಜನರೇ ಕಾನೂನು ರೂಪಿಸುವ ಪದ್ಧತಿಗೆ ಸ್ವಿಟ್ಜರ್ಲೆಂಡ್ ಮಾದರಿ. ಅಮೆರಿಕದಲ್ಲಿ ಇದನ್ನು ರಾಜ್ಯಮಟ್ಟದಲ್ಲಿ ಮೊದಲು ಅಳವಡಿಸಿಕೊಂಡದ್ದು 1898ರಲ್ಲಿ ಸೌತ್ ಡಕೋಟ. 1902ರಲ್ಲಿ ಆರೆಗಾನ್ ಅದನ್ನು ಅನುಸರಿಸಿತು.

ಕ್ಯಾಲಿಫೋರ್ನಿಯಾದಲ್ಲಿ ಆಗ ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿಯ ಪ್ರಭಾವ ಶಾಸಕಾಂಗವನ್ನೇ ಆವರಿಸಿತ್ತು. ಆ ಹಿಡಿತವನ್ನು ಮುರಿಯುವ ವಾಗ್ದಾನದೊಂದಿಗೆ ಗವರ್ನರ್ ಹುದ್ದೆಗೇರಿದ ಹೈರಮ್ ಜಾನ್ಸನ್ ಅವರ ಕಾಲದಲ್ಲಿ, 1911ರ ಅಕ್ಟೋಬರ್ 10ರ ವಿಶೇಷ ಚುನಾವಣೆಯಲ್ಲಿ, ಮತದಾರರು ಮೂರು ಅಸ್ತ್ರಗಳನ್ನು ತಮ್ಮದಾಗಿಸಿಕೊಂಡರು. ಹೊಸ ಕಾನೂನನ್ನು ತಾವೇ ಮಂಡಿಸುವ ‘ಇನಿಷಿಯೇಟಿವ್’, ಶಾಸಕಾಂಗ ಮಾಡಿದ ಕಾನೂನನ್ನು ಜನರ ಮುಂದೆ ಎಳೆದು ತರುವ ‘ರೆಫರೆಂಡಮ್’, ಚುನಾಯಿತರನ್ನು ಅವಧಿಗೆ ಮುನ್ನವೇ ಕೆಳಗಿಳಿಸುವ ‘ರೀಕಾಲ್’. ಅದೇ ದಿನ ಅಲ್ಪ ಅಂತರದಲ್ಲಿ ಮಹಿಳೆಯರಿಗೂ ಮತದಾನದ ಹಕ್ಕು ದೊರೆಯಿತು. 2003ರಲ್ಲಿ ಗವರ್ನರ್ ಗ್ರೇ ಡೇವಿಸ್ ಅಧಿಕಾರ ಕಳೆದುಕೊಂಡು, ನಟ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಆ ಸ್ಥಾನಕ್ಕೆ ಬಂದದ್ದು ಇದೇ ‘ರೀಕಾಲ್’ ಮೂಲಕ.

ಭಾರತದ ಸಂವಿಧಾನದಲ್ಲಿ ಇಂಥ ವ್ಯವಸ್ಥೆ ಇಲ್ಲ. ಇಲ್ಲಿ ಸಂವಿಧಾನದ ತಿದ್ದುಪಡಿ ಸಂಸತ್ತಿನ ಕೆಲಸ. ಕೆಲವು ವಿಷಯಗಳಿಗೆ ಅರ್ಧದಷ್ಟು ರಾಜ್ಯಗಳ ಶಾಸಕಾಂಗಗಳ ಅನುಮೋದನೆ ಬೇಕು. ಮತದಾರನ ನೇರ ಅಭಿಪ್ರಾಯ ಕೇಳಿದ ವಿರಳ ಪ್ರಸಂಗ ಕರ್ನಾಟಕದ ನೆರೆಯ ಗೋವಾದ್ದು. ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆ ಅಥವಾ ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೆ ಎಂಬ ಪ್ರಶ್ನೆಗೆ 1967ರ ಜನವರಿ 16ರಂದು ಗೋವಾ ಜನತೆ 34,021 ಮತಗಳ ಅಂತರದಲ್ಲಿ ವಿಲೀನ ಬೇಡವೆಂದಿತು. ಭಾರತದಲ್ಲಿ ಅಪರೂಪವಾದ ಈ ಪ್ರಕ್ರಿಯೆ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ರೂಢಿ.

ಸಹಿಯಿಂದ ಮತಪತ್ರದವರೆಗೆ

ಪ್ರಸ್ತಾವಗಳು ಮತಪತ್ರಕ್ಕೆ ಎರಡು ದಾರಿಗಳಿಂದ ಬರುತ್ತವೆ. ಒಂದು, ಶಾಸಕಾಂಗದಿಂದ. ರಾಜ್ಯ ಸಂವಿಧಾನದ ತಿದ್ದುಪಡಿಗೆ ಎರಡೂ ಸದನಗಳ ಮೂರನೇ ಎರಡರಷ್ಟು ಬಹುಮತ ಸಾಲದು, ಅದರ ಮೇಲೆ ಜನರ ಒಪ್ಪಿಗೆಯೂ ಬೇಕು. ಬಾಂಡ್ ಮೂಲಕ ಎತ್ತುವ ದೊಡ್ಡ ಸಾಲಕ್ಕೂ ಇದೇ ನಿಯಮ. 2025ರ ನವೆಂಬರ್ 4ರಂದು ವಿಶೇಷ ಚುನಾವಣೆಗೆ ಬಂದ 50ನೇ ಪ್ರಸ್ತಾವ ಈ ಬಗೆಯದು. ಟೆಕ್ಸಾಸ್ ರಾಜ್ಯ ತನ್ನ ಸಂಸದೀಯ ಕ್ಷೇತ್ರಗಳ ಗಡಿ ಬದಲಿಸಿದ್ದಕ್ಕೆ ಪ್ರತಿಯಾಗಿ ಕ್ಯಾಲಿಫೋರ್ನಿಯಾ ಶಾಸಕಾಂಗ ಹೊಸ ಕ್ಷೇತ್ರ ನಕ್ಷೆಯನ್ನು ಜನರ ಮುಂದಿಟ್ಟಿತು; ಜನ ಅದನ್ನು ಭಾರಿ ಅಂತರದಲ್ಲಿ ಅಂಗೀಕರಿಸಿದರು.

ಇನ್ನೊಂದು ದಾರಿ ಸಹಿ ಸಂಗ್ರಹ. ಕಾನೂನು ಮಂಡಿಸಬಯಸುವವರು 2,000 ಡಾಲರ್ ಠೇವಣಿಯೊಂದಿಗೆ ಕರಡನ್ನು ಅಟಾರ್ನಿ ಜನರಲ್ ಕಚೇರಿಗೆ ಸಲ್ಲಿಸುತ್ತಾರೆ. 30 ದಿನ ಸಾರ್ವಜನಿಕ ಅಭಿಪ್ರಾಯಕ್ಕೆ ಅವಕಾಶ. ಬಳಿಕ ಅಟಾರ್ನಿ ಜನರಲ್ ಶೀರ್ಷಿಕೆ ಮತ್ತು ಸಾರಾಂಶ ಬರೆದುಕೊಡುತ್ತಾರೆ. ಅಲ್ಲಿಂದ 180 ದಿನಗಳೊಳಗೆ ಸಹಿಗಳು ಸೇರಬೇಕು. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಚಲಾವಣೆಯಾದ ಮತಗಳಲ್ಲಿ ಸಾಮಾನ್ಯ ಕಾನೂನಿಗೆ ಶೇ 5ರಷ್ಟು, ಸಂವಿಧಾನ ತಿದ್ದುಪಡಿಗೆ ಶೇ 8ರಷ್ಟು ಸಹಿ ಬೇಕು. 2022ರ ಚುನಾವಣೆಯ ಆಧಾರದಲ್ಲಿ ಈ ಸಂಖ್ಯೆಗಳು ಕ್ರಮವಾಗಿ 5,46,651 ಮತ್ತು 8,74,641.

ಇಷ್ಟು ಸಹಿಗಳನ್ನು ಸ್ವಯಂಸೇವಕರಿಂದಲೇ ಕಲೆಹಾಕುವುದು ಕಷ್ಟ. ಹಾಗಾಗಿ ಮಾಲ್‌ಗಳ ಬಾಗಿಲಲ್ಲಿ, ದಿನಸಿ ಅಂಗಡಿಗಳ ಮುಂದೆ ಹಾಳೆ ಹಿಡಿದು ನಿಲ್ಲುವವರಲ್ಲಿ ಹೆಚ್ಚಿನವರು ಸಂಭಾವನೆ ಪಡೆಯುವವರು. ಸಹಿ ಸಂಗ್ರಹಕ್ಕೆ ಹಣ ಕೊಡುವುದನ್ನು ನಿಷೇಧಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1988ರಲ್ಲಿ ತೀರ್ಪಿತ್ತಿದೆ. ಆದ್ದರಿಂದ ಒಂದು ಪ್ರಸ್ತಾವ ಮತಪತ್ರಕ್ಕೆ ಬಂದಿದೆ ಎಂದ ಮಾತ್ರಕ್ಕೆ ಅದು ಜನರ ನಡುವಿನಿಂದಲೇ ಎದ್ದ ಬೇಡಿಕೆ ಎಂದು ಭಾವಿಸಬೇಕಿಲ್ಲ. ಹಣ ಸುರಿಯಬಲ್ಲವರು ತಮ್ಮ ಬೇಡಿಕೆಯನ್ನೂ ಅಲ್ಲಿಗೆ ತಲುಪಿಸಬಲ್ಲರು.

ಕೆಲವೊಮ್ಮೆ ಪ್ರಸ್ತಾವ ಕೇವಲ ಚೌಕಾಸಿಯ ದಾಳವೂ ಆಗುತ್ತದೆ. 2014ರ ಸುಧಾರಣೆಯ ನಂತರ ಪ್ರಸ್ತಾವಕರು ಮತಪತ್ರ ಅಂತಿಮಗೊಳ್ಳುವ ತನಕ ತಮ್ಮ ಪ್ರಸ್ತಾವವನ್ನು ಹಿಂತೆಗೆಯಬಹುದು. 2018ರಲ್ಲಿ ಗ್ರಾಹಕರ ಖಾಸಗಿತನದ ಕುರಿತ ಪ್ರಸ್ತಾವವನ್ನು, ಶಾಸಕಾಂಗ ಅದೇ ವಿಷಯದಲ್ಲಿ ಕಾಯ್ದೆ ಅಂಗೀಕರಿಸಿದ ಕೂಡಲೇ ಹಿಂದಕ್ಕೆ ಪಡೆಯಲಾಯಿತು. ಅದೇ ವರ್ಷ ಸ್ಥಳೀಯ ತೆರಿಗೆಗಳನ್ನು ಬಿಗಿಗೊಳಿಸುವ ತಮ್ಮ ಪ್ರಸ್ತಾವವನ್ನು ತಂಪು ಪಾನೀಯ ಕಂಪನಿಗಳು ಹಿಂತೆಗೆದುಕೊಂಡವು. ಅದಕ್ಕೆ ಪ್ರತಿಯಾಗಿ ಅವು ಪಡೆದದ್ದು, 2030ರ ತನಕ ಸ್ಥಳೀಯ ಸಂಸ್ಥೆಗಳು ಸೋಡಾ ಮೇಲೆ ಹೊಸ ತೆರಿಗೆ ಹಾಕದಂತೆ ತಡೆಯುವ ಕಾನೂನನ್ನು.

‘ಹೌದು’ ಎಂದರೆ ಯಾವುದಕ್ಕೆ ಹೌದು?

ಮತದಾರರನ್ನು ಹೆಚ್ಚು ಗೊಂದಲಕ್ಕೆ ದೂಡಿದ್ದು ರೆಫರೆಂಡಮ್. ಶಾಸಕಾಂಗ ಈಗಾಗಲೇ ಮಾಡಿದ ಕಾನೂನನ್ನು ವಿರೋಧಿಸುವವರು 90 ದಿನಗಳೊಳಗೆ ಸಹಿ ಸಂಗ್ರಹಿಸಿದರೆ ಆ ಕಾನೂನು ಜನಮತಕ್ಕೆ ಬರುತ್ತದೆ. ಆಗ ‘ಹೌದು’ ಎಂದರೆ ಕಾನೂನು ಉಳಿಯಲಿ ಎಂದರ್ಥ. ‘ಇಲ್ಲ’ ಎಂದರೆ ರದ್ದಾಗಲಿ ಎಂದರ್ಥ. ರದ್ದತಿಗಾಗಿ ಸಹಿ ಹಾಕಿದವನು ಮತಗಟ್ಟೆಯಲ್ಲಿ ‘ಹೌದು’ ಒತ್ತಿದರೆ ತನ್ನ ಉದ್ದೇಶಕ್ಕೇ ವಿರುದ್ಧವಾಗಿ ಮತ ಹಾಕಿದಂತೆ.

ಸುವಾಸನೆ ಬೆರೆಸಿದ ತಂಬಾಕು ಉತ್ಪನ್ನಗಳ ಮಾರಾಟವನ್ನು ನಿಷೇಧಿಸುವ ಕಾನೂನಿಗೆ 2020ರಲ್ಲಿ ಅಂಕಿತ ಬಿತ್ತು. ತಂಬಾಕು ಕಂಪನಿಗಳು ಸಹಿ ಸಂಗ್ರಹಿಸಿ ಅದನ್ನು ಜನಮತಕ್ಕೆ ತಂದವು. 2022ರ 31ನೇ ಪ್ರಸ್ತಾವದಲ್ಲಿ ಸುಮಾರು ಶೇ 63ರಷ್ಟು ಜನ ‘ಹೌದು’ ಎಂದು ನಿಷೇಧವನ್ನು ಎತ್ತಿಹಿಡಿದರು. ಆದರೂ ಕಂಪನಿಗಳು ಪೂರ್ತಿ ಸೋಲಲಿಲ್ಲ. ರೆಫರೆಂಡಮ್‌ಗೆ ಅರ್ಹತೆ ಪಡೆದ ಕಾನೂನು ಮತದಾನದವರೆಗೆ ಜಾರಿಯಾಗುವಂತಿಲ್ಲ. 2021ರ ಆರಂಭದಲ್ಲಿ ಬರಬೇಕಿದ್ದ ನಿಷೇಧ 2022ರ ಡಿಸೆಂಬರ್ ತನಕ ಮುಂದೆ ಹೋಯಿತು. ಸುಮಾರು ಎರಡು ವರ್ಷದ ವ್ಯಾಪಾರ ಕಂಪನಿಗಳ ಪಾಲಾಯಿತು.

ಇದಕ್ಕೆ ವ್ಯತಿರಿಕ್ತವಾಗಿ, ಜಾಮೀನಿಗೆ ನಗದು ಕಟ್ಟುವ ಪದ್ಧತಿಯನ್ನು ತೆಗೆದುಹಾಕಿದ್ದ 2018ರ ಕಾನೂನನ್ನು ಮತದಾರರು 2020ರ 25ನೇ ಪ್ರಸ್ತಾವದಲ್ಲಿ ‘ಇಲ್ಲ’ ಎಂದು ರದ್ದುಗೊಳಿಸಿದರು. ಈ ಗೊಂದಲವನ್ನು ನಿವಾರಿಸಲು 2023ರಲ್ಲಿ ನಿಯಮ ಬದಲಾಯಿತು. ರೆಫರೆಂಡಮ್‌ಗಳಲ್ಲಿ ‘ಹೌದು–ಇಲ್ಲ’ ಬದಲಿಗೆ ‘ಕಾನೂನು ಉಳಿಯಲಿ’, ‘ಕಾನೂನು ರದ್ದಾಗಲಿ’ ಎಂಬ ಅರ್ಥದ ಆಯ್ಕೆಗಳನ್ನು ಮುದ್ರಿಸಬೇಕೆಂದು ವಿಧಿಸಲಾಯಿತು.

ಶೀರ್ಷಿಕೆ ಹೇಳುವುದು, ಹೇಳದಿರುವುದು

ಮತಪತ್ರದಲ್ಲಿ ಪ್ರಸ್ತಾವದ ವಿವರಣೆಗೆ ಇರುವ ಜಾಗ 75 ಪದಗಳಷ್ಟೇ. ಹತ್ತಾರು ಪುಟಗಳ ಕಾನೂನು ಅಷ್ಟರಲ್ಲಿ ಅಡಗಬೇಕು. ಯಾವ ಪದ ಮೊದಲು ಬರಬೇಕು ಎಂಬುದೇ ಜಗಳದ ವಿಷಯವಾಗುವುದು ಸಹಜ.

2018ರ 6ನೇ ಪ್ರಸ್ತಾವ ಪೆಟ್ರೋಲ್ ತೆರಿಗೆಯ ಏರಿಕೆಯನ್ನು ರದ್ದುಮಾಡುವಂಥದು. ಆದರೆ ಮತಪತ್ರದ ಶೀರ್ಷಿಕೆ ಆರಂಭವಾದದ್ದು ರಸ್ತೆ ದುರಸ್ತಿ ಮತ್ತು ಸಾರಿಗೆಗೆ ಮೀಸಲಾದ ಹಣ ನಿಲ್ಲುತ್ತದೆ ಎಂಬ ಮಾತಿನಿಂದ. ತೆರಿಗೆ ರದ್ದಾಗುವ ಸಂಗತಿಯೇ ಮರೆಯಾಯಿತು ಎಂದು ಬೆಂಬಲಿಗರು ದೂರಿದರು. ರಸ್ತೆಗೆ ಹಣ ಕಡಿಮೆಯಾಗುವುದು ನಿಜವೇ ಆಗಿತ್ತು. ತೆರಿಗೆ ಇಳಿಯುವುದೂ ನಿಜವೇ. ಯಾವ ಸತ್ಯ ಮೊದಲು ಕಣ್ಣಿಗೆ ಬೀಳಬೇಕು ಎಂಬುದಷ್ಟೇ ವಿವಾದ. ಪ್ರಸ್ತಾವ ಸೋತಿತು.

ಪ್ರಸ್ತಾವಕರು ತಾವೇ ಇಟ್ಟುಕೊಳ್ಳುವ ಹೆಸರುಗಳ ಬಗ್ಗೆಯೂ ಎಚ್ಚರ ಅಗತ್ಯ. 2022ರ 27ನೇ ಪ್ರಸ್ತಾವದ ಹೆಸರಿನಲ್ಲಿ ಇದ್ದುದು ವಸತಿಹೀನರಿಗೆ ಪರಿಹಾರ ಮತ್ತು ಮಾನಸಿಕ ಆರೋಗ್ಯಕ್ಕೆ ನೆರವು. ಒಳಗಿದ್ದುದು ಆನ್‌ಲೈನ್ ಕ್ರೀಡಾ ಬೆಟ್ಟಿಂಗ್‌ಗೆ ಪರವಾನಗಿ. ಅದರಿಂದ ಬರುವ ತೆರಿಗೆಯ ಪಾಲು ವಸತಿಹೀನರಿಗೆ ಎಂಬುದು ಹೆಸರಿನ ಸಮರ್ಥನೆ. ಶೇ 80ಕ್ಕೂ ಹೆಚ್ಚು ಮತದಾರರು ಅದನ್ನು ತಿರಸ್ಕರಿಸಿದರು.

ಪದದ ಆಯ್ಕೆ ಎಷ್ಟು ಮುಖ್ಯ ಎಂಬುದಕ್ಕೆ 2024 ಇನ್ನೊಂದು ನಿದರ್ಶನ ಒದಗಿಸಿತು. ಕೈದಿಗಳಿಂದ ಬಲವಂತದ ದುಡಿಮೆ ಮಾಡಿಸಲು ಅವಕಾಶವಿದ್ದ ಸಂವಿಧಾನದ ಅಂಶವನ್ನು ತೆಗೆಯುವ 6ನೇ ಪ್ರಸ್ತಾವಕ್ಕೆ ಅಧಿಕೃತ ಕೈಪಿಡಿಯಲ್ಲಿ ಯಾರೂ ವಿರೋಧ ಸಲ್ಲಿಸಿರಲಿಲ್ಲ. ಆದರೂ ಅದು ಸೋತಿತು. ಅದೇ ದಿನ ನೆರೆಯ ನೆವಾಡಾದಲ್ಲಿ ಇಂಥದೇ ಪ್ರಸ್ತಾವ ಸುಲಭವಾಗಿ ಗೆದ್ದಿತು. ನೆವಾಡಾದ ಮತಪತ್ರದಲ್ಲಿ ‘ಗುಲಾಮಗಿರಿ’ ಎಂಬ ಪದವಿತ್ತು. ಕ್ಯಾಲಿಫೋರ್ನಿಯಾದ್ದರಲ್ಲಿ ‘ಅನೈಚ್ಛಿಕ ಸೇವೆ’ ಎಂಬ ಅರ್ಥದ ಕಾನೂನಿನ ಪದವಷ್ಟೇ ಇತ್ತು. ಸೋಲಿಗೆ ಇದೂ ಒಂದು ಕಾರಣವಿರಬಹುದೆಂದು ಬೆಂಬಲಿಗರು ಹೇಳಿದರು.

ಹಣ ಎಲ್ಲಿಂದ ಬಂತು?

ಅಭ್ಯರ್ಥಿಗಳಿಗೆ ನೀಡುವ ದೇಣಿಗೆಗೆ ಮಿತಿ ಇದೆ. ಪ್ರಸ್ತಾವಗಳ ಪ್ರಚಾರಕ್ಕೆ ನೀಡುವ ದೇಣಿಗೆಗೆ ಇಲ್ಲ. 2022ರಲ್ಲಿ ಬೆಟ್ಟಿಂಗ್ ಕುರಿತ ಎರಡು ಪ್ರಸ್ತಾವಗಳ ಪರ–ವಿರೋಧ ಪ್ರಚಾರಕ್ಕೆ ಸಂಗ್ರಹವಾದ ಮೊತ್ತ 45 ಕೋಟಿ ಡಾಲರ್ ದಾಟಿತು. ಎರಡೂ ಸೋತವು. ಹಣವಿದ್ದರೆ ಗೆಲುವು ಖಚಿತ ಎನ್ನುವಂತಿಲ್ಲ. ಆದರೆ 2020ರ 22ನೇ ಪ್ರಸ್ತಾವದ ಕಥೆ ಬೇರೆ. ಟ್ಯಾಕ್ಸಿ ಮತ್ತು ಆಹಾರ ವಿತರಣೆಯ ಆ್ಯಪ್ ಚಾಲಕರನ್ನು ನೌಕರರೆಂದು ಪರಿಗಣಿಸದೆ ಸ್ವತಂತ್ರ ಗುತ್ತಿಗೆದಾರರೆಂದೇ ಉಳಿಸಲು ಊಬರ್, ಲಿಫ್ಟ್, ಡೋರ್‌ಡ್ಯಾಶ್ ಮೊದಲಾದ ಕಂಪನಿಗಳು 20 ಕೋಟಿ ಡಾಲರ್‌ಗೂ ಹೆಚ್ಚು ವೆಚ್ಚ ಮಾಡಿದವು. ಸುಮಾರು ಶೇ 58ರಷ್ಟು ಮತಗಳಿಂದ ಅದು ಗೆದ್ದಿತು. ರಾಜ್ಯದ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಅದನ್ನು ಎತ್ತಿಹಿಡಿಯಿತು.

ಹಣದ ಮೂಲ ತಿಳಿದರೆ ಪ್ರಸ್ತಾವದ ಅರ್ಥವೇ ಬೇರೆಯಾಗಿ ಕಾಣುವುದೂ ಉಂಟು. 2024ರ 34ನೇ ಪ್ರಸ್ತಾವವನ್ನು ಓದಿದವರಿಗೆ, ಕೆಲವು ಆರೋಗ್ಯ ಸಂಸ್ಥೆಗಳು ಔಷಧ ರಿಯಾಯಿತಿ ಯೋಜನೆಯಿಂದ ಗಳಿಸುವ ಆದಾಯದ ಶೇ 98ರಷ್ಟನ್ನು ರೋಗಿಗಳ ನೇರ ಆರೈಕೆಗೇ ಬಳಸಬೇಕು ಎಂಬ ನಿಯಮ ಕಾಣುತ್ತಿತ್ತು. ಯಾರಿಗೆ ತಾನೇ ಇದು ಒಪ್ಪಿಗೆಯಾಗದು? ಆದರೆ ಪ್ರಚಾರಕ್ಕೆ ಹಣ ನೀಡಿದ್ದು ಬಾಡಿಗೆ ಮನೆ ಮಾಲೀಕರ ಸಂಘಟನೆ. ನಿಯಮದ ಷರತ್ತುಗಳ ಗುರಿ ಏಡ್ಸ್ ಹೆಲ್ತ್‌ಕೇರ್ ಫೌಂಡೇಷನ್ ಎಂದೇ ವ್ಯಾಪಕವಾಗಿ ಅರ್ಥೈಸಲಾಯಿತು. ಅದೇ ಮತಪತ್ರದಲ್ಲಿದ್ದ ಬಾಡಿಗೆ ನಿಯಂತ್ರಣದ 33ನೇ ಪ್ರಸ್ತಾವಕ್ಕೆ ಹಣ ಒದಗಿಸಿದ್ದು ಅದೇ ಫೌಂಡೇಷನ್. 33 ಸೋತು, 34 ಕೂದಲೆಳೆಯ ಅಂತರದಲ್ಲಿ ಗೆದ್ದಿತು.

ಸಾಲದ ನಿಜವಾದ ಬೆಲೆ

ಬಾಂಡ್ ಪ್ರಸ್ತಾವಗಳಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಅಸಲು ಮಾತ್ರ. ಮರುಪಾವತಿಯ ಲೆಕ್ಕ ಕೊಡುವುದು ‘ಎಲ್‌ಎಒ’ ಎಂದು ಪರಿಚಿತವಾದ, 1941ರಿಂದ ಕೆಲಸ ಮಾಡುತ್ತಿರುವ, ಯಾವ ಪಕ್ಷಕ್ಕೂ ಸೇರದ ಶಾಸಕಾಂಗ ವಿಶ್ಲೇಷಕರ ಕಚೇರಿ. 2024ರಲ್ಲಿ ಶಾಲಾ ಕಟ್ಟಡಗಳಿಗೆ ಸಂಬಂಧಿಸಿದ 2ನೇ ಪ್ರಸ್ತಾವದ ಸಾಲ 1,000 ಕೋಟಿ ಡಾಲರ್. ಕಚೇರಿಯ ಅಂದಾಜಿನಂತೆ ಅದಕ್ಕೆ ವರ್ಷಕ್ಕೆ ಸುಮಾರು 50 ಕೋಟಿ ಡಾಲರ್‌ನಂತೆ 35 ವರ್ಷ ಕಟ್ಟಬೇಕು. ಅಂದರೆ ಒಟ್ಟು 1,750 ಕೋಟಿ ಡಾಲರ್. ನೀರು ಮತ್ತು ಹವಾಮಾನಕ್ಕೆ ಸಂಬಂಧಿಸಿದ 4ನೇ ಪ್ರಸ್ತಾವದ ಸಾಲವೂ ಅಷ್ಟೇ. ಮರುಪಾವತಿ ವರ್ಷಕ್ಕೆ 40 ಕೋಟಿಯಂತೆ 40 ವರ್ಷ, ಒಟ್ಟು 1,600 ಕೋಟಿ. ಎರಡನ್ನೂ ಜನ ಒಪ್ಪಿದರು.

ಸಾಲ ಮಾಡುವುದೇ ತಪ್ಪು ಎಂದು ಇದರ ಅರ್ಥವಲ್ಲ. ಹಲವು ದಶಕ ಬಾಳುವ ಶಾಲೆಯ ಬೆಲೆಯನ್ನು ಅದನ್ನು ಬಳಸುವ ಮುಂದಿನ ಪೀಳಿಗೆಯೂ ಹಂಚಿಕೊಳ್ಳುವುದು ನ್ಯಾಯವೇ. ಆದರೆ ಹೋಲಿಕೆ ಮಾಡಬೇಕಾದುದು ಅಸಲಿನೊಂದಿಗಲ್ಲ, ಬಡ್ಡಿ ಸೇರಿದ ಒಟ್ಟು ಮೊತ್ತದೊಂದಿಗೆ.

ಗೆದ್ದ ಮೇಲೆ ಬಿಡಿಸಲಾಗದ ಗಂಟು

ಜನರೇ ಮಂಡಿಸಿ ಗೆಲ್ಲಿಸಿದ ಕಾನೂನನ್ನು, ಅದರಲ್ಲೇ ಅವಕಾಶ ಇಲ್ಲದಿದ್ದರೆ, ಕ್ಯಾಲಿಫೋರ್ನಿಯಾ ಶಾಸಕಾಂಗ ತಾನಾಗಿ ತಿದ್ದುವಂತಿಲ್ಲ. ಮತ್ತೆ ಜನರ ಬಳಿಗೇ ಹೋಗಬೇಕು. 22ನೇ ಪ್ರಸ್ತಾವ ತಿದ್ದುಪಡಿಗೆ ಅವಕಾಶವಿತ್ತರೂ ಅದಕ್ಕೆ ಎಂಟನೇ ಏಳರಷ್ಟು ಬಹುಮತದ ಷರತ್ತು ಹಾಕಿತು. ಆರೆಗಾನ್‌ನಲ್ಲಿ ಹೀಗಿಲ್ಲ. ಅಲ್ಪ ಪ್ರಮಾಣದ ಮಾದಕ ವಸ್ತು ಇಟ್ಟುಕೊಳ್ಳುವುದನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟ 2020ರ ಜನಮತವನ್ನು ಅಲ್ಲಿನ ಶಾಸಕಾಂಗ 2024ರಲ್ಲಿ ಬದಲಾಯಿಸಿ ಮತ್ತೆ ಅಪರಾಧವನ್ನಾಗಿಸಿತು.

ಈ ಗಂಟಿನ ಪ್ರಸಿದ್ಧ ಉದಾಹರಣೆ 1978ರ ಜೂನ್ 6ರಂದು ಗೆದ್ದ 13ನೇ ಪ್ರಸ್ತಾವ. ಹೊವಾರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಮುನ್ನಡೆಸಿದ ಈ ಚಳವಳಿ ಆಸ್ತಿ ತೆರಿಗೆಯನ್ನು ಮೌಲ್ಯದ ಶೇ 1ಕ್ಕೆ ಮಿತಿಗೊಳಿಸಿತು. ಆಸ್ತಿ ಕೈ ಬದಲಾಗುವ ತನಕ ತೆರಿಗೆಗೆ ಪರಿಗಣಿಸುವ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಏರುತ್ತಿದ್ದ ತೆರಿಗೆಗೆ ಹೆದರಿದ್ದ ವೃದ್ಧರಿಗೆ ಇದು ನೆಮ್ಮದಿ ತಂದಿತು. ಆದರೆ ಪರಿಣಾಮವಾಗಿ ಒಂದೇ ಬೀದಿಯ ಅಕ್ಕಪಕ್ಕದ ಮನೆಗಳ ತೆರಿಗೆಯಲ್ಲಿ ಅಜಗಜಾಂತರ ಉಂಟಾಯಿತು. ಹೊಸದಾಗಿ 10 ಲಕ್ಷ ಡಾಲರ್‌ಗೆ ಮನೆ ಕೊಂಡವನ ಮೂಲ ತೆರಿಗೆ 10,000 ಡಾಲರ್ ಆದರೆ, ದಶಕಗಳಿಂದ ಇರುವ ನೆರೆಯವನ ಮನೆಯ ದಾಖಲಿತ ಮೌಲ್ಯ 2 ಲಕ್ಷವಾಗಿದ್ದಲ್ಲಿ ಆತನ ತೆರಿಗೆ 2,000 ಡಾಲರ್. ಸ್ಥಳೀಯ ಆದಾಯ ಕುಸಿದು ಶಾಲೆಗಳು ರಾಜ್ಯದ ಬೊಕ್ಕಸವನ್ನು ಹೆಚ್ಚಾಗಿ ಅವಲಂಬಿಸಬೇಕಾಯಿತು. 1978ರಲ್ಲಿ ಹುಟ್ಟಿಯೇ ಇರದ ಲಕ್ಷಾಂತರ ಜನ ಇಂದು ಆ ತೀರ್ಪಿನ ಅಡಿಯಲ್ಲಿ ತೆರಿಗೆ ಕಟ್ಟುತ್ತಿದ್ದಾರೆ.

ಜನರ ತೀರ್ಪೂ ನ್ಯಾಯಾಲಯದ ಪರಿಶೀಲನೆಗೆ ಹೊರತಲ್ಲ. ದಾಖಲೆಗಳಿಲ್ಲದ ವಲಸಿಗರಿಗೆ ಸಾರ್ವಜನಿಕ ಸೇವೆಗಳನ್ನು ನಿರಾಕರಿಸಿದ 1994ರ 187ನೇ ಪ್ರಸ್ತಾವದ ಬಹುಭಾಗವನ್ನು ಫೆಡರಲ್ ನ್ಯಾಯಾಲಯ ತಡೆಯಿತು. ಸಲಿಂಗ ವಿವಾಹವನ್ನು ನಿಷೇಧಿಸಿದ 2008ರ 8ನೇ ಪ್ರಸ್ತಾವವನ್ನು ಫೆಡರಲ್ ನ್ಯಾಯಾಲಯ 2010ರಲ್ಲಿ ಅಸಿಂಧುಗೊಳಿಸಿತು. 2013ರಿಂದ ವಿವಾಹಗಳು ಮರಳಿ ಆರಂಭವಾದವು. ಆದರೆ ನಿಷ್ಕ್ರಿಯವಾದ ಆ ಸಾಲುಗಳು ರಾಜ್ಯ ಸಂವಿಧಾನದಲ್ಲಿ ಉಳಿದೇ ಇದ್ದವು. ಅವನ್ನು ಅಳಿಸಲು 2024ರಲ್ಲಿ ಮತ್ತೊಂದು ಜನಮತ ಬೇಕಾಯಿತು.

ಎಷ್ಟು ಮತ ಬಂದರೆ ಗೆಲುವು?

ಕ್ಯಾಲಿಫೋರ್ನಿಯಾದಲ್ಲಿ ಸರಳ ಬಹುಮತ ಸಾಕು; ಸಂವಿಧಾನ ತಿದ್ದುಪಡಿಗೂ ಅಷ್ಟೇ. ಫ್ಲಾರಿಡಾದಲ್ಲಿ ಸಂವಿಧಾನ ತಿದ್ದುಪಡಿಗೆ ಶೇ 60 ಮತ ಬೇಕು. 2024ರಲ್ಲಿ ಗರ್ಭಪಾತದ ಹಕ್ಕಿನ ತಿದ್ದುಪಡಿ ಅಲ್ಲಿ ಸುಮಾರು ಶೇ 57 ಮತ ಗಳಿಸಿಯೂ ಸೋತಿತು. ಶೇ 60ರ ನಿಯಮವನ್ನು ತಂದ 2006ರ ತಿದ್ದುಪಡಿಗೇ ಶೇ 58ರಷ್ಟು ಮತವೂ ಬಂದಿರಲಿಲ್ಲ ಎಂಬುದು ವಿಪರ್ಯಾಸ. ನೆವಾಡಾದಲ್ಲಿ ಜನರು ಮಂಡಿಸುವ ಸಂವಿಧಾನ ತಿದ್ದುಪಡಿ ಎರಡು ಚುನಾವಣೆಗಳಲ್ಲಿ ಗೆಲ್ಲಬೇಕು. ಡೆಲವೇರ್ ಒಂದನ್ನುಳಿದು ಮಿಕ್ಕೆಲ್ಲ ರಾಜ್ಯಗಳಲ್ಲೂ ರಾಜ್ಯ ಸಂವಿಧಾನದ ತಿದ್ದುಪಡಿಗೆ ಜನಮತ ಅಗತ್ಯ.

ಪರಸ್ಪರ ವಿರುದ್ಧವಾದ ಎರಡು ಪ್ರಸ್ತಾವಗಳು ಒಟ್ಟಿಗೇ ಗೆದ್ದರೆ? ಕ್ಯಾಲಿಫೋರ್ನಿಯಾದಲ್ಲಿ ಘರ್ಷಣೆಯಿರುವ ಅಂಶಗಳಲ್ಲಿ ಹೆಚ್ಚು ಮತ ಪಡೆದುದೇ ಊರ್ಜಿತ. ಹೀಗಾಗಿ ಒಂದು ಪ್ರಸ್ತಾವವನ್ನು ಮಣಿಸಲು ಅದರ ಪಕ್ಕದಲ್ಲೇ ಇನ್ನೊಂದನ್ನು ತಂದು ನಿಲ್ಲಿಸುವ ತಂತ್ರವೂ ಚಾಲ್ತಿಯಲ್ಲಿದೆ. 1988ರಲ್ಲಿ ವಿಮೆಯ ವಿಷಯದಲ್ಲೇ ಐದು ಪ್ರಸ್ತಾವಗಳು ಒಂದೇ ಮತಪತ್ರದಲ್ಲಿದ್ದವು. ಗೆದ್ದದ್ದು ಗ್ರಾಹಕರ ಪರ ಸಂಘಟನೆಯ 103ನೇ ಪ್ರಸ್ತಾವ ಮಾತ್ರ.

ಮತ ಹಾಕುವ ಮುನ್ನ

ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ಚುನಾವಣೆಗೆ ಮುನ್ನ ಅಧಿಕೃತ ಕೈಪಿಡಿಯನ್ನು ಮತದಾರರ ಮನೆಗಳಿಗೆ ಅಂಚೆಯಲ್ಲಿ ಕಳುಹಿಸುತ್ತದೆ. ಇಂಗ್ಲಿಷ್, ಹಿಂದಿ ಸೇರಿ ಹತ್ತು ಭಾಷೆಗಳಲ್ಲಿ ಅದು ಲಭ್ಯ. ಕನ್ನಡ ಆ ಪಟ್ಟಿಯಲ್ಲಿಲ್ಲ. ಮತಪತ್ರವೂ ಮತದಾನಕ್ಕೆ ಸುಮಾರು ನಾಲ್ಕು ವಾರ ಮೊದಲೇ ಅಂಚೆಯಲ್ಲಿ ಮನೆಗೆ ಬರುವುದರಿಂದ ಓದಿ ನಿರ್ಧರಿಸಲು ಸಮಯವಿದೆ. ಓದುವ ಕ್ರಮ ಹೀಗಿದ್ದರೆ ಅನುಕೂಲ:

• ಇದು ಯಾವ ಬಗೆಯ ಪ್ರಸ್ತಾವ? ಸಾಮಾನ್ಯ ಕಾನೂನೆ, ಸಂವಿಧಾನ ತಿದ್ದುಪಡಿಯೆ, ಸಾಲವೆ, ರೆಫರೆಂಡಮ್ಮೆ? ಸಂವಿಧಾನಕ್ಕೆ ಸೇರಿದ್ದನ್ನು ಬದಲಿಸುವುದು ಹೆಚ್ಚು ಕಷ್ಟ.

• ಈಗಿರುವ ಕಾನೂನು ಏನು? ‘ಇಲ್ಲ’ ಗೆದ್ದರೆ ಮುಂದುವರಿಯುವುದು ಏನು? ಕೈಪಿಡಿಯಲ್ಲಿ ‘ಹೌದು’ ಮತ್ತು ‘ಇಲ್ಲ’ ಮತಗಳ ಅರ್ಥವನ್ನು ಎದುರುಬದುರಾಗಿ ಕೊಟ್ಟಿರುತ್ತಾರೆ. ಮೊದಲು ಅದನ್ನೇ ಓದುವುದು ಲೇಸು.

• ಶಾಸಕಾಂಗ ವಿಶ್ಲೇಷಕರ ಕಚೇರಿಯ ವಿಶ್ಲೇಷಣೆ ಏನು ಹೇಳುತ್ತದೆ? ಪರ–ವಿರೋಧ ವಾದಗಳನ್ನು ಬರೆಯುವವರು ಆಯಾ ಪಕ್ಷದವರೇ, ವಿಶ್ಲೇಷಣೆ ಹಾಗಲ್ಲ.

• ಹಣ ಯಾರದು? ಪ್ರಮುಖ ದಾನಿಗಳ ಪಟ್ಟಿಯನ್ನು ರಾಜ್ಯವೇ ಪ್ರಕಟಿಸುತ್ತದೆ. ಸಹಿ ಸಂಗ್ರಹದ ಹಂತದಲ್ಲೂ ಅದನ್ನು ಕೇಳಿ ನೋಡಬಹುದು.

• ತಪ್ಪಾದರೆ ತಿದ್ದುವುದು ಹೇಗೆ? ತಿದ್ದುಪಡಿಗೆ ಯಾರ, ಎಷ್ಟು ಬಹುಮತ ಬೇಕು ಎಂಬುದು ಸಾಮಾನ್ಯವಾಗಿ ಕಾನೂನಿನ ಕೊನೆಯ ಭಾಗದಲ್ಲಿರುತ್ತದೆ.

ಎಷ್ಟು ಓದಿದರೂ ಅರ್ಥವಾಗದ ಪ್ರಸ್ತಾವವನ್ನು ಖಾಲಿ ಬಿಡುವ ಸ್ವಾತಂತ್ರ್ಯವೂ ಮತದಾರನಿಗಿದೆ. ಅದರಿಂದ ಉಳಿದ ಮತಗಳಿಗೆ ಧಕ್ಕೆಯಿಲ್ಲ. ಗೆಲುವು ನಿರ್ಧಾರವಾಗುವುದು ಆ ಪ್ರಸ್ತಾವಕ್ಕೆ ಬಿದ್ದ ಮತಗಳಿಂದ ಮಾತ್ರ. ಆದರೆ ಖಾಲಿ ಬಿಟ್ಟವನಿಗೂ ಕಾನೂನು ಅನ್ವಯಿಸುತ್ತದೆ. 2024ರಲ್ಲಿ ಕನಿಷ್ಠ ವೇತನ ಏರಿಕೆಯ 32ನೇ ಪ್ರಸ್ತಾವ ಸೋತದ್ದು ಎರಡು ಶೇಕಡಾ ಅಂಶಕ್ಕಿಂತಲೂ ಕಡಿಮೆ ಅಂತರದಲ್ಲಿ. ಪ್ರತಿನಿಧಿ ತಪ್ಪು ಮಾಡಿದರೆ ಮುಂದಿನ ಚುನಾವಣೆಯಲ್ಲಿ ಮನೆಗೆ ಕಳುಹಿಸಬಹುದು. ತಾವೇ ಬರೆದ ಕಾನೂನಿಗೆ ಮತದಾರರು ಬೇರೆ ಯಾರನ್ನೂ ಹೊಣೆಯಾಗಿಸಲಾರರು.